ಹಾವು ಹೊಕ್ಕ ನಡುಮನೆ

ಜಯನಗರದಲ್ಲಿ ಮನೆ ಕಟ್ಟಿಸಿಕೊಂಡು ನಾವು ಹೋದಾಗ ನಮ್ಮ ಬೀದಿಯಲ್ಲಿ ಇನ್ನೂ ಮನೆಗಳೇ ಇರಲಿಲ್ಲ ಎನ್ನಬಹುದು. ಎಲ್ಲ ಕಲ್ಲು ನೆಟ್ಟ ಖಾಲಿ ಸೈಟು, ಲಂಟಾನದ ಪೊದೆ, ಅಲ್ಲಲ್ಲಿ ಹುತ್ತ. ನಾನು ಬೆಳೆದದ್ದು ಸಿದ್ದಾಪುರದ ಒಂದು ವಠಾರದಲ್ಲಿ. ಅಲ್ಲಿ ಪಕ್ಕದ ಮನೆಯವರು ಕೆಮ್ಮಿದರೆ ನಾವು ನೀರು ಕೊಡಬೇಕು ಎಂದು ನಮ್ಮ ತಂದೆ ತಮಾಷೆ ಮಾಡುತ್ತಿದ್ದರು. ಅಂಥ ಕಡೆಯಿಂದ ಬಂದವಳಿಗೆ ಈ ಹೊಸ ಮನೆಯಲ್ಲಿ ಹಗಲಿನಲ್ಲೂ ಭಯ. ನಮ್ಮ ಯಜಮಾನರು ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ನಡುಮನೆಯಲ್ಲಿದ್ದದ್ದು ಮಡಚುವ ಕುರ್ಚಿಗಳು ಮತ್ತು ನನ್ನ ತವರಿನ ಟ್ರಂಕು, ಅಷ್ಟೆ. ಅಡುಗೆಮನೆಯಲ್ಲಿ ನಾನು ಸೌಟು ಕೆಳಗಿಟ್ಟರೆ ಆ ಸದ್ದು ನಡುಮನೆಗೆ ಹೋಗಿ ತಿರುಗಿ ಬರುತ್ತಿತ್ತು. ಯಾರೋ ಒಳಗೆ ಬಂದಿದ್ದಾರೆ ಎಂದು ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತದ್ದಕ್ಕೆ ಲೆಕ್ಕವಿಲ್ಲ.

ಆ ಭಯ ಬಿಡಿಸಿದವನು ಒಬ್ಬ ಗುಜರಿಯವನು. ಹಳೇ ಪೇಪರು, ತಗಡು ಕೇಳಿಕೊಂಡು ತಳ್ಳುಗಾಡಿ ತರುತ್ತಿದ್ದ. ಒಂದು ದಿನ ಅವನ ಗಾಡಿಯ ಮೇಲೆ ಹಿತ್ತಾಳೆ ಪಟ್ಟಿ ಬಡಿದ ದೊಡ್ಡ ಮರದ ಪೆಟ್ಟಿಗೆ ಇತ್ತು. ಪೇಟೆಯಲ್ಲಿ ಯಾರದೋ ಹಳೆಯ ಮನೆ ಕೆಡವಿದಾಗ ಸಿಕ್ಕಿದ್ದಂತೆ. ಅದನ್ನು ಕೊಂಡು, ಹುಣಸೆಹಣ್ಣು ಹಾಕಿ ಪಟ್ಟಿಗಳನ್ನು ತಿಕ್ಕಿ, ಮರಕ್ಕೆ ಕೊಬ್ಬರಿ ಎಣ್ಣೆ ಸವರಿ ನಡುಮನೆಯಲ್ಲಿಟ್ಟೆ. ಮನೆಗೆ ಯಾರೋ ಹಿರಿಯರು ಬಂದು ಕೂತಂತೆ ಆಯಿತು. ಆ ಮಧ್ಯಾಹ್ನ ಹೆದರಿಕೆಯಿಲ್ಲದೆ ನಿದ್ದೆ ಮಾಡಿದೆ.

ಆಮೇಲೆ ಅವನು ತಂದದ್ದನ್ನೆಲ್ಲ ನೋಡುವುದು ನನಗೆ ಚಟವೇ ಆಯಿತು. ದಂಡಿನ ಬಂಗಲೆಗಳಿಂದ ಇಂಗ್ಲಿಷ್ ದೊರೆಗಳು ಹೋಗುವಾಗ ಬಿಟ್ಟ ನಿಲುಗನ್ನಡಿ, ಕೆಟ್ಟ ಗಡಿಯಾರ, ಉದ್ದ ಕೈಯ ಆರಾಮ ಕುರ್ಚಿ, ಹೂಬಳ್ಳಿಯ ಜಮಖಾನ. ಬೀಟೆ ಮರದ ಮಂಚ. ಬೇಗೂರಿನ ಕಡೆಯ ಯಾವುದೋ ಮನೆಯ ತಾಮ್ರದ ಹಂಡೆ. ಉಪ್ಪಿನಕಾಯಿ ಹಾಕುವ, ನನ್ನ ಸೊಂಟದಷ್ಟು ಎತ್ತರದ ಜಾಡಿಗಳು. ನಮ್ಮ ಯಜಮಾನರು ಮೊದಮೊದಲು ನಕ್ಕರು. ಮಂಚ ಬಂದ ದಿನ ಮಾತ್ರ, "ನಾವು ನಡೆಯೋಕೂ ಸ್ವಲ್ಪ ಜಾಗ ಬಿಡು," ಎಂದರು.

ಮಗಳು ಹುಟ್ಟಿದ ಮೇಲೆ ಕೆತ್ತನೆಯ ತೊಟ್ಟಿಲು ಕೊಂಡೆ. ಸೂರಿನ ಕೊಂಡಿಗೆ ಸರಪಳಿ ಹಾಕಿ ತೂಗುಬಿಡುವಂಥದು. ನಾಲ್ಕೂ ಮೂಲೆಯಲ್ಲಿ ಬಣ್ಣ ಮಾಸಿದ ಗಿಣಿ. ಬಾಣಂತನಕ್ಕೆಂದು ಬಂದ ಅತ್ತೆ ನಮ್ಮಲ್ಲೇ ಉಳಿದಿದ್ದರು. ಅವರಿಗೆ ಅದು ಸುತರಾಂ ಹಿಡಿಸಲಿಲ್ಲ.

"ಯಾರ ಮನೆ ಮಗು ಮಲಗಿತ್ತೋ ಏನೋ. ಆ ಮಗು ಉಳೀತೋ ಇಲ್ವೋ ಅಂತಾದ್ರೂ ಕೇಳಿದ್ಯಾ?"

"ಚೆನ್ನಾಗಿ ಬೆಳೆದಿರತ್ತೆ ಅತ್ತೆ. ಅದಕ್ಕೇ ಮಾರಿದಾರೆ," ಎಂದೆ. ನನಗೇನು ಗೊತ್ತಿತ್ತು?

ಒಂದು ಬೇಸಿಗೆ. ಅತ್ತೆ ಅಂಗಳದಲ್ಲಿ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ನಾನು ಮಗುವನ್ನು ಮಲಗಿಸಿ, ತೊಟ್ಟಿಲನ್ನು ಒಮ್ಮೆ ಜೋರಾಗಿ ತೂಗಿ, ಅವರ ಜೊತೆ ಕೂತೆ. ಕೂಡಲೇ ಹಿಟ್ಟು ಕಲಸಲು ನೀರು ಬೇಕಾಗಿ ಪಾತ್ರೆ ಹಿಡಿದು ಒಳಗೆ ಹೋದೆ. ಬಿಸಿಲಿನಿಂದ ಹೋದದ್ದಕ್ಕೆ ಕಣ್ಣು ಕತ್ತಲಿಟ್ಟಿತು. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟಂಥ ಸದ್ದು ಕೇಳಿಸಿತು. ಏನೆಂದು ತಿಳಿಯದೆ ಅಲ್ಲೇ ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ಕಂಡಿತು.

ಆರಾಮ ಕುರ್ಚಿಯ ಕಾಲಿನ ಪಕ್ಕದಲ್ಲಿ ನಾಗರಹಾವು ಹೆಡೆ ಎತ್ತಿ ನಿಂತಿತ್ತು. ತೊಟ್ಟಿಲಿಗೂ ಅದಕ್ಕೂ ನಡುವೆ ಒಂದು ಮೊಳ ಅಂತರವಿರಬಹುದು. ತೊಟ್ಟಿಲು ಇನ್ನೂ ತೂಗುತ್ತಿತ್ತು. ಅದು ಆ ಕಡೆ ಹೋದರೆ ಹೆಡೆ ಆ ಕಡೆ, ಈ ಕಡೆ ಬಂದರೆ ಹೆಡೆ ಈ ಕಡೆ. ಮಗುವಿನ ಒಂದು ಕೈ ತೊಟ್ಟಿಲ ಪಟ್ಟಿಯಿಂದ ಹೊರಗೆ ಜೋತುಬಿದ್ದಿತ್ತು.

ಕೂಗಲು ಬಾಯಿ ತೆರೆದೆ. ಕೂಗಿದರೆ ಮಗು ಎದ್ದು ಕೈ ಆಡಿಸುತ್ತಾಳೆ ಎಂದು ಮುಚ್ಚಿದೆ. ಓಡಿ ಹೋಗಿ ಎತ್ತಿಕೊಳ್ಳೋಣವೆಂದರೆ ಅಲ್ಲಿಗೆ ನೇರ ದಾರಿಯೇ ಇರಲಿಲ್ಲ. ಪೆಟ್ಟಿಗೆ ಬಳಸಿ, ಮಂಚದ ಬದಿಯಲ್ಲಿ ನುಸುಳಿ, ಜಾಡಿಗಳನ್ನು ದಾಟಿ ಹೋಗಬೇಕು. ಅಷ್ಟನ್ನೂ ಇಟ್ಟವಳು ನಾನೇ. ಕೈಯಲ್ಲಿದ್ದ ಪಾತ್ರೆ ಬೀಳಬಾರದೆಂದು ಎದೆಗೆ ಒತ್ತಿ ಹಿಡಿದು ನಿಂತೆ. ತೊಟ್ಟಿಲು ನಿಲ್ಲಲಿ ಎಂದು ಒಂದು ಮನಸ್ಸು, ನಿಲ್ಲಬಾರದು ಎಂದು ಇನ್ನೊಂದು. ನಿಂತರೆ ಅದು ಏನು ಮಾಡುತ್ತದೋ. ದೇವರ ಹೆಸರು ಕೂಡ ಆಗ ನೆನಪಾಗಲಿಲ್ಲ.

ತೂಗಾಟ ಕಡಿಮೆಯಾಗುತ್ತ ಬಂದು ತೊಟ್ಟಿಲು ನಿಂತಿತು. ಹಾವು ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಹೆಡೆ ಮಡಚಿ, ನೆಲಕ್ಕಿಳಿದು, ನಿಧಾನವಾಗಿ ಪೆಟ್ಟಿಗೆಯ ಕೆಳಗೆ ಹೋಯಿತು. ಅದರ ಬಾಲದ ತುದಿ ಒಳಗೆ ಸರಿಯುವುದನ್ನು ಕಂಡದ್ದೇ ನಾನು ಮಂಚ ಹತ್ತಿ, ಮಂಚದಿಂದ ಕುರ್ಚಿಯ ಮೇಲೆ ಕಾಲಿಟ್ಟು, ಬಗ್ಗಿ ಮಗುವನ್ನು ಕಸಿದುಕೊಂಡೆ. ಹಿಂದಕ್ಕೂ ಹಾಗೆಯೇ ಬಂದೆ. ಅಂಗಳಕ್ಕೆ ಹಾರಿದಾಗ ಕಾಲು ಸಂಡಿಗೆಯ ಮೇಲೆ ಬಿತ್ತು.

"ಕಣ್ಣು ಕಾಣಲ್ವೇನೇ ನಿಂಗೆ," ಎಂದ ಅತ್ತೆ ನನ್ನ ಮುಖ ನೋಡಿ ಎದ್ದು ನಿಂತರು. "ಹಾವು, ಒಳಗೆ," ಎಂದೆ. ಮಗುವಿನ ಬಟ್ಟೆ ಬಿಚ್ಚಿ ಕೈ, ಕಾಲು, ಬೆನ್ನು ಎಲ್ಲ ನೋಡಿದೆ. ಎಲ್ಲೂ ಏನೂ ಇರಲಿಲ್ಲ. ಬಿಸಿಲಿಗೆ ಎಚ್ಚರವಾಗಿ ಅವಳು ಅಳತೊಡಗಿದಳು. ಆ ಅಳು ಕೇಳಿ ನನಗೆ ಉಸಿರು ಬಂತು.

ನಮ್ಮ ಎದುರಿಗಿದ್ದವರು ಒಬ್ಬ ಗೌಡರು. ಈ ಬಡಾವಣೆ ಆಗುವ ಮುಂಚೆ ಇಲ್ಲೇ ರಾಗಿ ಬೆಳೆಯುತ್ತಿದ್ದವರು. ಅತ್ತೆ ಕೂಗಿದ್ದು ಕೇಳಿ ಗೌಡರೂ ಅವರ ಹೆಂಡತಿಯೂ ದೊಣ್ಣೆ ಹಿಡಿದು ಬಂದರು. ಗೌಡರು ಕಿಟಕಿಯಿಂದ ಒಳಗೆ ಬಗ್ಗಿ ನೋಡಿ ದೊಣ್ಣೆ ಕೆಳಗಿಟ್ಟರು.

"ಇಷ್ಟೊಂದು ಸಾಮಾನಿನಾಗೆ ಎಲ್ಲೀಂತ ಹುಡುಕಾನವ್ವ? ಬರೀ ಮನೆ ಆಗಿದ್ರೆ ಒಂದು ಗಳಿಗೆ ಕೆಲ್ಸ."

"ಹೊಡೀಬೇಡಿ," ಎಂದರು ಅತ್ತೆ. "ಮಗೂನ ಮುಟ್ಟದೆ ಬಿಟ್ಟಿದೆ. ಹೊರಗೆ ಕಳಿಸಿ, ಸಾಕು."

ಸಂಜೆ ಬಂದ ನಮ್ಮ ಯಜಮಾನರೂ ಕಿಟಕಿಯ ಹತ್ತಿರವೇ ನಿಂತುಬಿಟ್ಟರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ರಾತ್ರಿ ಗೌಡರ ಮನೆಯಲ್ಲಿ ಮಲಗಿ, ಬೆಳಗಾದ ಮೇಲೆ ಮನೆಯನ್ನು ಖಾಲಿ ಮಾಡಲು ನಿಂತೆವು.

ಗೌಡರು ಉದ್ದನೆಯ ಬಿದಿರಿನ ಗಳ ಹಿಡಿದು ಒಂದೊಂದು ವಸ್ತುವನ್ನೂ ತಟ್ಟುವುದು, ಕಾಯುವುದು, ಏನೂ ಅಲುಗದಿದ್ದರೆ ನಮ್ಮ ಯಜಮಾನರು ಅದನ್ನು ಎಳೆಯುವುದು. ಹಂಡೆಯನ್ನು ತಟ್ಟಿದಾಗ ಅದು ಗುಂಯ್ ಎಂದಿತು. ಎಲ್ಲರೂ ಹಿಂದಕ್ಕೆ ಹಾರಿದೆವು. ಒಳಗೆ ಏನೂ ಇರಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಗಳದಲ್ಲಿ ಎತ್ತಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅದರ ಕೆಳಗೂ ಇರಲಿಲ್ಲ. ನಾನು ಇಷ್ಟಪಟ್ಟು ತಂದ ಸಾಮಾನಿಗೆಲ್ಲ ಎಷ್ಟೊಂದು ಸಂದು, ಎಷ್ಟೊಂದು ಪೊಳ್ಳು. ತಿಕ್ಕಿ ಒರೆಸುವಾಗ ಹೊಳಪು ಮಾತ್ರ ಕಂಡಿತ್ತು. ಈಗ ಬರೀ ಕತ್ತಲೆ ಕಾಣಿಸುತ್ತಿತ್ತು.

ಗಂಡಸರು ಮಂಚದ ಜೊತೆ ಹೆಣಗುತ್ತಿದ್ದಾಗ ಮೂಲೆಯಲ್ಲಿ ಸುತ್ತಿ ನಿಲ್ಲಿಸಿದ್ದ ಜಮಖಾನ ಅವರ ದಾರಿಗೆ ಅಡ್ಡವಾಗಿತ್ತು. ಗೌಡರು ಅದನ್ನು ತಟ್ಟಿದ್ದರು, ಏನೂ ಆಗಿರಲಿಲ್ಲ. ನಾನು ಅದನ್ನು ತಬ್ಬಿ ಎತ್ತಿಕೊಂಡು, ಗಲ್ಲ ಒತ್ತಿ, ಜಗಲಿ ಇಳಿದು ಅಂಗಳದಲ್ಲಿಟ್ಟು ಬಂದೆ.

ಮಧ್ಯಾಹ್ನದ ಹೊತ್ತಿಗೆ ಮನೆ ಬರಿದಾಯಿತು. ಗೌಡರು ಬಚ್ಚಲ ತೂಬನ್ನೂ ಬಿಡದೆ ನೋಡಿದರು. ಹಾವು ಇರಲಿಲ್ಲ. ರಾತ್ರಿಯೇ ಹೋಗಿರಬೇಕು ಎಂದರು. ನನಗೆ ಸಮಾಧಾನವಾಗಲಿಲ್ಲ. ಹೋದದ್ದನ್ನು ಕಂಡವರು ಯಾರು? ಇನ್ನು ಮುಂದೆ ಪ್ರತಿ ದಿನ ಈ ಮನೆಯಲ್ಲಿ ಮಗುವನ್ನು ನೆಲಕ್ಕೆ ಬಿಡುವುದು ಹೇಗೆ?

ಅತ್ತೆ ಎಲ್ಲರಿಗೂ ಕಾಫಿ ತಂದರು. ಕೂರಲು ಹಾಸೋಣವೆಂದು ಗೌಡರ ಹೆಂಡತಿ ಜಮಖಾನದ ತುದಿ ಹಿಡಿದು ಒದರಿದರು. ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ, ಕೊನೆಯ ಮಡಿಕೆಯಿಂದ ಹಾವು ಹೊರಗೆ ಬಿತ್ತು.

ಅದು ಬಿಸಿಲಿನಲ್ಲಿ, ಕನ್ನಡಿ, ಜಾಡಿಗಳ ನಡುವೆ ಹೆಡೆ ಎತ್ತಿ ಒಮ್ಮೆ ಸುತ್ತ ನೋಡಿತು. ಅತ್ತೆ ಕೈ ಮುಗಿದರು. ಅದು ಹೆಡೆ ಇಳಿಸಿ, ಗೇಟಿನ ಕೆಳಗೆ ನುಸುಳಿ, ಪಕ್ಕದ ಸೈಟಿನ ಲಂಟಾನದೊಳಗೆ ಹೋಗಿಬಿಟ್ಟಿತು.

ನಾನು ನನ್ನ ತೋಳುಗಳನ್ನು ನೋಡಿಕೊಂಡೆ. ಜಮಖಾನದ ನಾರು ಇನ್ನೂ ಕುಪ್ಪಸಕ್ಕೆ ಅಂಟಿತ್ತು. ಅಲ್ಲೇ ಕೂತು ವಾಂತಿ ಮಾಡಿಕೊಂಡೆ. ಗೌಡರ ಹೆಂಡತಿ ಬೆನ್ನು ನೀವುತ್ತ, "ನಿನ್ ತೋಳಾಗೇ ಬಂತಲ್ಲವ್ವ. ಅದ್ಕೂ ಎದ್ರಿಕೆ ಆಗಿತ್ತು, ಸುಮ್ಕಿತ್ತು," ಎಂದರು.

ಸಂಜೆ ನಮ್ಮ ಯಜಮಾನರು ಕೇಳಿದರು, "ಒಳಗಿಡೋಣ್ವಾ?"

"ಬೇಡ," ಎಂದೆ.

"ಯಾವುದು ಬೇಡ?"

ಸಾಮಾನೆಲ್ಲ ಟಾರ್ಪಾಲಿನ ಕೆಳಗೆ ಅಂಗಳದಲ್ಲೇ ಉಳಿಯಿತು. ಕಿಟಕಿಯಿಂದ ನೋಡಿದಾಗ ಹೊಟ್ಟೆ ಉರಿಯುತ್ತಿತ್ತು, ಹತ್ತಿರ ಹೋದರೆ ಮೈ ಬೆವರುತ್ತಿತ್ತು. ಮಳೆ ಶುರುವಾಗುವ ಲಕ್ಷಣ ಕಂಡಾಗ ಅತ್ತೆ, "ನೆನೆಸಿ ಹಾಳು ಮಾಡೋ ಬದಲು ಯಾರಿಗಾದ್ರೂ ಕೊಡೇ. ಬಳಸೋರು ಬಳಸ್ಲಿ," ಎಂದರು. ಗುಜರಿಯವನು ಬಂದು ಕನ್ನಡಿ, ಗಡಿಯಾರ, ಪೆಟ್ಟಿಗೆ, ಜಮಖಾನ ಎಲ್ಲ ಗಾಡಿಗೇರಿಸಿದ. ಪೆಟ್ಟಿಗೆ ಎತ್ತುವಾಗ ನನ್ನ ಕೈ ತಾನಾಗಿ ಅದರ ಹಿತ್ತಾಳೆ ಪಟ್ಟಿಯ ಮೇಲೆ ಹೋಯಿತು. ಅವನು ಕಾದ. ನಾನು ಕೈ ತೆಗೆದೆ. ಹಂಡೆ ಗೌಡರ ಮನೆಗೆ ಹೋಯಿತು. ಮಂಚ ಮಾತ್ರ ಉಳಿಸಿಕೊಂಡೆವು. ಅತ್ತೆಗೆ ಮಂಡಿ ನೋವು, ನೆಲದ ಮೇಲೆ ಮಲಗಲು ಆಗುತ್ತಿರಲಿಲ್ಲ. ಅದರ ಕಾಲುಗಳು ಎತ್ತರ, ಕೆಳಗೆ ಏನಿದ್ದರೂ ಕಾಣುತ್ತದೆ.

ತೊಟ್ಟಿಲ ವಿಷಯದಲ್ಲಿ ಅತ್ತೆಯೇ ಅಡ್ಡ ಬಂದರು. "ಅದನ್ನ ಕೊಡಬೇಡ್ವೇ. ತೂಗ್ತಾ ಇದ್ದಿದ್ದಕ್ಕೇ ಹಾವು ನೋಡ್ತಾ ನಿಂತಿದ್ದು. ಮಗೂನ ಕಾದಿದೆ ಈ ತೊಟ್ಲು."

"ನನ್ನ ಕೈಲಿ ಆಗಲ್ಲ ಅತ್ತೆ. ಸರಪಳಿ ಸದ್ದು ಕೇಳಿದ್ರೆ ಎದೆ ಹೊಡ್ಕೊಳತ್ತೆ."

ಅವರು ಒಳಗೆ ಹೋದರು. ಗೌಡರ ಸೊಸೆ ಬಸುರಿಯಾಗಿದ್ದಳು. ಕೊಡುವ ಮುಂಚೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. "ಆವು ನೋಡಿದ್ರೆ ತೊಟ್ಲು ಕೆಟ್ಟೋಯ್ತದಾ?" ಎಂದು ಗೌಡರ ಹೆಂಡತಿ ತಾವೇ ತಲೆಯ ಮೇಲೆ ಹೊತ್ತುಕೊಂಡು ಬೀದಿ ದಾಟಿದರು. ಆ ಮನೆಯಲ್ಲಿ ಮಗು ಹುಟ್ಟಿ ನಡೆಯಲು ಕಲಿಯುವತನಕ ಎದುರಿನಿಂದ ಸರಪಳಿಯ ಸದ್ದು ಕೇಳಿದಾಗಲೆಲ್ಲ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ಅದು ನಿಂತರೆ ಇನ್ನೂ ಭಯ. ಆ ಮಗುವಿನ ಅಳುವೋ ನಗುವೋ ಕೇಳಿದ ಮೇಲೆ ಕೆಲಸ ಮುಂದುವರಿಸುತ್ತಿದ್ದೆ. ಕೂಸು ಸುಖವಾಗಿ ಬೆಳೆಯಿತು.

ನಮ್ಮ ಬೀದಿ ತುಂಬುತ್ತ ಬಂತು. ಪಕ್ಕದ ಸೈಟಿನಲ್ಲೂ ಮನೆ ಎದ್ದಿತು. ಮಗಳು ಶಾಲೆಗೆ ಹೋಗುವಾಗಿನ ಒಂದು ಮಧ್ಯಾಹ್ನ ಅದೇ ಗುಜರಿಯವನು ಗೇಟಿನಲ್ಲಿ ನಿಂತ. ಗಾಡಿಯಲ್ಲಿ ಬರೆಯುವ ಮೇಜು. ಚಿಕ್ಕ ಚಿಕ್ಕ ಖಾನೆಗಳು, ಪ್ರತಿಯೊಂದಕ್ಕೂ ದಂತದಂಥ ಬಿಳಿ ಹಿಡಿ.

"ನಿಮಗೇ ಅಂತ ಬೇರೆ ಯಾರಿಗೂ ತೋರಿಸಿಲ್ಲ ಅಮ್ಮ," ಎಂದ.

ನಾನು ಒಂದೊಂದೇ ಖಾನೆ ಎಳೆದು ನೋಡಿದೆ. ಗಂಧದ ವಾಸನೆ ಬಂತು. ಎಲ್ಲವನ್ನೂ ಮುಚ್ಚಿದೆ. "ತುಂಬಾ ಚೆನ್ನಾಗಿದೆಯಪ್ಪ. ಬೇಡ." ಅವನು ಬೇಸರ ಮಾಡಿಕೊಳ್ಳದೆ ಗಾಡಿ ತಿರುಗಿಸಿದ.

ಪಕ್ಕದಲ್ಲಿ ನಿಂತಿದ್ದ ಮಗಳು ಕೇಳಿದಳು, "ಯಾಕಮ್ಮ ಬೇಡ ಅಂದೆ? ನಾನು ಬರೆಯೋಕೆ ಇಟ್ಕೋಬಹುದಿತ್ತು."

ತೊಟ್ಟಿಲ ಸುದ್ದಿ ಅವಳಿಗೆ ನಾವು ಯಾರೂ ಹೇಳಿರಲಿಲ್ಲ. ಹೇಳಿದರೆ ಕತ್ತಲೆಯ ಮೂಲೆಗಳಿಗೆ ಅವಳೂ ನನ್ನ ಹಾಗೆ ಹೆದರುತ್ತಾಳೆ ಎಂದು ನನಗಿದ್ದ ಭಯ.

"ನಿಂಗೆ ಹೊಸದು ಮಾಡಿಸೋಣ," ಎಂದು ಅವಳ ಕೈ ಹಿಡಿದು ಒಳಗೆ ಬಂದೆ.