ಬಾಗಿಲ ಹಿಂದಿನ ಹೆಸರು

ಗೌಸಮೊದ್ದೀನ ಕಾಕಾ ಹಳೇ ಮನೆಗಳನ್ನು ಕೆಡವುವುದಿಲ್ಲ, ಬಿಚ್ಚುತ್ತಾರೆ. ಕೆಡವುವವರು ಎಂದು ಯಾರಾದರೂ ಅಂದರೆ ಆ ದಿನ ಮಾತು ಬಿಡುತ್ತಾರೆ. ಮೊದಲು ಹಂಚು, ಆಮೇಲೆ ತೊಲೆ, ಬಾಗಿಲು, ಕೊನೆಗೆ ಇಟ್ಟಿಗೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ತಟ್ಟಿದರೆ ಬಿಡಿಸಿಕೊಂಡು ಬರುತ್ತದೆ. ಸಿಮೆಂಟಿನದು ಒಡೆಯುತ್ತದೆಯೇ ಹೊರತು ಬಿಡುವುದಿಲ್ಲ. ಹೀಗಾಗಿ ಸಿಮೆಂಟಿನ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಮೂವತ್ತು ವರ್ಷ ಹಳೇ ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ, ಬಿಚ್ಚಿ ತಂದ ಸಾಮಾನಿನ ನಡುವೆಯೇ ಅವರ ಸಂಸಾರ ನಡೆಯಿತು. ಕಟ್ಟಿಗೆಯಿಂದ ಮೊಳೆ ಕೀಳುವುದು ಹೆಂಡತಿ ಅಬೀದಾ ಅವರ ಕೆಲಸ. ಮಾರಾಟಕ್ಕಿಟ್ಟ ಪ್ರತಿ ಬಾಗಿಲಿನ ಹಿಂದೆ ಕಾಕಾ ಅದು ಬಂದ ಮನೆಯ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು: ವಕೀಲರ ಮನಿ, ರತ್ನವ್ವನ ಮನಿ. ಆ ಮನೆಯಲ್ಲಿ ಏನೇನಾಗಿತ್ತೋ ಎಂದು ಅರ್ಧ ಗಿರಾಕಿಗಳು ಹೆಸರು ಓದಿಯೇ ವಾಪಸು ಹೋಗುತ್ತಿದ್ದರು. ಕಾಕಾ ಅಳಿಸಲಿಲ್ಲ.

ಎರಡು ವರ್ಷದ ಹಿಂದೆ ಗೋಪನಕೊಪ್ಪದಲ್ಲಿ, ನಮ್ಮ ಪಕ್ಕದಲ್ಲೇ, ಅವರು ಸ್ವಂತ ಮನೆ ಕಟ್ಟಿದರು. ಹಂಚಿನಿಂದ ಬಚ್ಚಲ ಕಲ್ಲಿನವರೆಗೆ ಎಲ್ಲವೂ ಹಳೆಯದೇ. ಮುಗಿದಾಗ ಉಳಿದದ್ದು ಒಂದು ಬುಟ್ಟಿ ಚೂರು. ಅದರಿಂದ ಅಂಗಳದ ತಗ್ಗು ತುಂಬಿತು. ನಮ್ಮ ಮನೆ ಕಟ್ಟಿದಾಗ ಉಳಿದ ಎರಡು ಟ್ರ್ಯಾಕ್ಟರ್ ಒಡಕು ಇನ್ನೂ ಹಿತ್ತಲಲ್ಲಿದೆ. ಅದರ ಮೇಲೆ ಹೀರೇಬಳ್ಳಿ ಚೆನ್ನಾಗಿ ಹಬ್ಬಿದೆ.

ಅಬೀದಾ ಕೇಳಿದ್ದು ಒಂದೇ. ಅವರ ಮನೆಮಾತು ಉರ್ದು. ಓಣಿಗೆ ಕೇಳಬೇಕಾದದ್ದನ್ನು ಮಾತ್ರ ಕನ್ನಡದಲ್ಲಿ ಹೇಳುತ್ತಾರೆ.

"ಮೂವತ್ತ ವರ್ಷ ಮಂದಿ ಮನಿ ಬಾಗಲಾ ನೋಡಕೋತ ಬಾಳೇ ಮಾಡೇನ್ರಿ. ನನ್ನ ಮನಿಗೆ ಮುಂಬಾಗಲಾ ಒಂದರ ಹೊಸಾದ ಇರ್ಲಿ."

"ಆತು," ಅಂದರು ಕಾಕಾ.

ಬಾಗಿಲು ಬಂತು. ಸಾಗವಾನಿ, ಕನ್ನಡಿಯ ಹೊಳಪು. ನಾನೂ ಬಾಯಿ ತುಂಬ ಹೊಗಳಿದೆ. ಅಬೀದಾ ಅದರ ಮೇಲೆ ಕೈಯಾಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ಕಟ್ಟಿಗೆಯ ಪುಡಿ, ಅಂಟು ಕಲಸಿ ಮುಚ್ಚಿದ ಒಂದು ತೂತು, ಅದರ ಪಕ್ಕ ಸುತ್ತಿಗೆಯ ಸಣ್ಣ ಗುರುತು. ಅಬೀದಾ ಎಡಚರು, ಅವರು ಮೊಳೆ ಕಿತ್ತರೆ ಗುರುತು ಯಾವಾಗಲೂ ಅದೇ ಬದಿಗೆ ಬೀಳುತ್ತದೆ.

"ಈ ಮೊಳಿ ಕಿತ್ತಾಕಿ ನಾನ. ರತ್ನವ್ವನ ಮನಿ ತೊಲಿ ಅಲ್ಲೇನ್ರಿ ಇದು?"

"ಬಾಗಲಾ ಹೊಸಾದ ಐತಲ್ಲ," ಅಂದರು ಕಾಕಾ.

"ಕಟ್ಟಿಗಿ?"

ಕಾಕಾ ಆ ತೂತಿನ ಗುರುತನ್ನು ಹೆಬ್ಬೆರಳಿನಿಂದ ಒರೆಸಿದರು. ಅಬೀದಾ ಮೆಟ್ಟಿಲ ಮೇಲೆ ಕೂತು ಅತ್ತರು. ಹೊಗಳಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನ ಕಾಕಾ ಅಂಗಡಿಗೆ ಹೋಗಿ, ಜೀವನದಲ್ಲಿ ಮೊದಲ ಬಾರಿಗೆ, ಒಂದು ಪ್ಲೈವುಡ್ ಬಾಗಿಲು ಕೊಂಡು ತಂದು ಕೂರಿಸಿದರು. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಅಬೀದಾ ಇವತ್ತಿಗೂ ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಸಾಗವಾನಿಯದನ್ನು ನಾನು ಕೊಂಡೆ. ಅದರ ಹಿಂದೆ "ರತ್ನವ್ವನ ಮನಿ" ಎಂದು ಕಾಕಾ ಬರೆದೇ ಕೊಟ್ಟರು.

ಮಳೆಗಾಲಕ್ಕೆ ಪ್ಲೈವುಡ್ ಉಬ್ಬಿತು. ಈಗ ಮೊಣಕಾಲಿನಿಂದ ಗುದ್ದದಿದ್ದರೆ ಹಾಕಿಕೊಳ್ಳುವುದಿಲ್ಲ. ಕಾಕಾ ವರ್ಷಕ್ಕೊಮ್ಮೆ ಅಂಚು ಹೆರೆಯುತ್ತಾರೆ, ಸಿಮೆಂಟಿಗೆ ಬೈದಂತೆ ಇದಕ್ಕೆ ಬೈಯುವುದಿಲ್ಲ. "ಛಲೋ ಬಾಗಲಾ," ಅನ್ನುತ್ತಾರೆ.

ಹೋದ ವಾರ ಸಕ್ಕರೆ ಕೇಳಲು ಹೋದಾಗ ಅಬೀದಾ ನನ್ನನ್ನು ಒಳಗೆ ಕರೆದು ಬಾಗಿಲು ಗುದ್ದಿ ಹಾಕಿದರು. ಆಗ ಅದರ ಹಿಂಬದಿ ಕಂಡಿತು. ಒಂದು ಕಡೆ ಅಂಗೈ ಅಗಲದಷ್ಟು ಪ್ಲಾಸ್ಟಿಕ್ ಕತ್ತರಿಸಿ ತೆಗೆದಿದ್ದರು. ಅಲ್ಲಿ ಸೀಮೆಸುಣ್ಣದಲ್ಲಿ ಕಾಕಾರ ಅಕ್ಷರ: ಅಬೀದಾ ಮನಿ.

ಬಾಗಿಲನ್ನು ಅಬೀದಾ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಅಷ್ಟು ಜಾಗ ಬಿಟ್ಟು.