ಗೆದ್ದವರು ಕಾಲು ತೊಳೆದು ಬಂದರು

ಈ ಸಲ ನಮ್ಮವರು ಗೆದ್ದರು. ದಿಲ್ಲಿಯಲ್ಲಿ ನಮ್ಮದೇ ಸರ್ಕಾರ ಎಂದು ಟೀವಿ ಹೇಳಿ ಮುಗಿಸುವ ಮೊದಲೇ ನಾನು ಪಕ್ಷದ ಬಾವುಟ ಹುಡುಕಲು ಅಟ್ಟ ಹತ್ತಿದ್ದೆ, ಈ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ. ಕೈಗೆ ಸಿಕ್ಕಿದ್ದು ಬಾವುಟವಲ್ಲ, ಇಲಿ ಕಡಿದ ರಟ್ಟಿನ ಡಬ್ಬ. ಮುಚ್ಚಳ ತೆಗೆದರೆ ಗಂಧಕದ ವಾಸನೆ. ಹಿಂದೊಂದು ಚುನಾವಣೆಗೆ ನಾನೇ ತಂದಿಟ್ಟು, ಸುಡದೆ ಉಳಿದ ಪಟಾಕಿ. ನಗು ಬಂತು, ನೋಡಿ.

ಆಗ ಜಂಗಮಕೋಟೆಯ ನಮ್ಮ ಬೀದಿಯಲ್ಲಿ ಪಕ್ಷಕ್ಕಾಗಿ ಗಂಟಲು ಹರಿದುಕೊಳ್ಳುತ್ತಿದ್ದವಳು ನಾನು. ನಮ್ಮಂತೆಯೇ ರೇಷ್ಮೆ ಹುಳು ಸಾಕುವ ಎದುರು ಮನೆಯ ಮುನಿಶಾಮಣ್ಣ ಇನ್ನೊಂದು ಪಕ್ಷ. ಪ್ರಚಾರ ಶುರುವಾದಾಗಿನಿಂದ ಇಬ್ಬರಿಗೂ ಮಾತಿಲ್ಲ. ಗೆಲ್ಲುವುದು ನಾವೇ ಎಂದು ನಾನು ಮುಂಚೆಯೇ ಶಿಡ್ಲಘಟ್ಟದಿಂದ ಪಟಾಕಿ ತರಿಸಿದ್ದೆ. ಏನು ಜಂಬ, ಅಬ್ಬಬ್ಬಾ!

ಅದೇ ಹೊತ್ತಿಗೆ ಮನೆಯಲ್ಲಿ ರೇಷ್ಮೆ ಬೆಳೆ ಕೊನೆಗೆ ಬಂದಿತ್ತು. ಹುಳು ಹಣ್ಣಾದ ದಿನ, ಅಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ತಲೆ ಎತ್ತಿದ ದಿನವೇ, ಒಂದೊಂದನ್ನೂ ಆಯ್ದು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಕಂಡಲ್ಲೆಲ್ಲ ನೂಲು ಬಿಟ್ಟು ಬೆಳೆ ಹಾಳು. ನಾನೋ ಮಹಾ ಜಾಣೆ. ಆಯುವ ಹೆಂಗಸರಿಗೆ, “ನಾಳೆ ಬರ್ಬೇಡ್ರಮ್ಮ, ರಿಸಲ್ಟ್ ದಿನ, ಮೆರವಣಿಗೆ ಹೋಗಣ. ನಾಡಿದ್ದು ಬನ್ನಿ” ಎಂದುಬಿಟ್ಟೆ. ಸೆಕೆಗೆ ಹುಳು ಒಂದು ದಿನ ಮೊದಲೇ, ರಿಸಲ್ಟ್ ದಿನವೇ ಹಣ್ಣಾಯಿತು. ಹುಟ್ಟಿದಾಗಿನಿಂದ ಹುಳು ನೋಡಿದವಳಿಗೆ ಬಿಸಿಲಿನ ನೆನಪೇ ಇರಲಿಲ್ಲ!

ಮಧ್ಯಾಹ್ನಕ್ಕೆ ಸೋತೆವು. ಮನೆಯಲ್ಲಿ ನಾನು, ಯಜಮಾನರು, ಮೊರ ಮೊರ ಹುಳು. ಬೀದಿಯಲ್ಲಿ ತಮಟೆ. ಬಾಗಿಲ ಮುಂದೆ ಒಂದು ಸರ ಹಚ್ಚಿದರೂ ಸಾಕು, ಆ ಹೊಗೆಗೆ ಹುಳು ಉಳಿಯುವುದಿಲ್ಲ. ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಿದ್ದೆ, ಅಳುವುದೊಂದು ಬಾಕಿ.

ತಮಟೆ ನಿಂತಿತು. ಮುಖದ ತುಂಬ ಬಣ್ಣ ಬಳಿದುಕೊಂಡ ಮುನಿಶಾಮಣ್ಣ ಬಾಗಿಲಲ್ಲಿ.

“ಏನಮ್ಮ, ಹುಳ ಹಣ್ಣಾದಂಗಿದೆ?”

“ಆಗಿದೆ. ನಗಕ್ಕೆ ಬಂದ್ಯಾ?”

“ನಗೋಕೆ ಐದು ವರ್ಷ ಟೈಮಿದೆ ಕಣಮ್ಮ. ನೀರೆಲ್ಲಿ?”

ಪಟಾಕಿಯನ್ನು ಕೆರೆ ಏರಿಯ ಆಚೆಗೆ ಕಳಿಸಿದ. ಗೆದ್ದವರೆಲ್ಲ ನಮ್ಮ ಜಗಲಿಯಲ್ಲಿ ಬಣ್ಣ ತೊಳೆದು, ಕಾಲು ತೊಳೆದು, ಹುಳುವಿಗೆ ರೋಗ ತಗಲದಂತೆ ಹೊಸ್ತಿಲಲ್ಲಿ ಚೆಲ್ಲಿದ ಸುಣ್ಣದ ಪುಡಿ ತುಳಿದು ಒಳಗೆ ಬಂದರು. ಚುನಾವಣೆಯ ಮಾತು ಯಾರೂ ಎತ್ತಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಳು ಆಯುತ್ತಲೇ ನನ್ನ ಕಾಲೆಳೆದರು, ನಾನೂ ಬಿಡಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಚಂದ್ರಿಕೆ ತುಂಬಿತ್ತು. ಸೋತ ದಿನವೇ ನನ್ನ ಬೀದಿಯ ಬಗ್ಗೆ ನನಗೆ ಅಷ್ಟು ಹೆಮ್ಮೆಯಾಗಿದ್ದು. ನಮ್ಮ ವಿರುದ್ಧ ಓಟು ಹಾಕಿದ ಬೆರಳುಗಳೇ, ಶಾಯಿ ಇನ್ನೂ ಪೂರ್ತಿ ಅಳಿಸಿರಲಿಲ್ಲ, ನಮ್ಮ ಹುಳು ಎತ್ತಿ ಚಂದ್ರಿಕೆಗೆ ಬಿಟ್ಟಿದ್ದವು.

ಡಬ್ಬ ಹಿಡಿದು ಇದನ್ನೆಲ್ಲ ನೆನೆಯುತ್ತಿದ್ದಾಗ ಕೆಳಗೆ ಗದ್ದಲ. ಕಿಂಡಿಯಿಂದ ಇಣುಕಿದೆ. ನಮ್ಮ ಪಕ್ಷದವರು ಎದುರು ಮನೆಯ ಮುಂದೆ ಪಟಾಕಿ ಸರ ಹಾಸುತ್ತಿದ್ದರು. ಬಾಗಿಲಲ್ಲಿ ಮುನಿಶಾಮಣ್ಣ, ಕೈಯಲ್ಲಿ ಒದ್ದೆ ಗೋಣಿ.

ಬಾವುಟದ ಗೊಡವೆ ಬಿಟ್ಟು, ಮಂಡಿ ಮರೆತು, ಧಡಧಡ ಇಳಿದೆ.

“ಲೋ, ಎತ್ರೋ ಅದನ್ನ! ಕಣ್ಣು ಕಾಣಲ್ವಾ, ಮುನಿಶಾಮಣ್ಣನ ಹುಳ ಹಣ್ಣಾಗಿದೆ! ಕೆರೆ ಏರಿ ಆಚೆ ಹಚ್ಚಿ ಬನ್ನಿ. ಬಂದು ಎಲ್ರೂ ಒಳಗೆ ನಡೀರಿ, ಆಯ್ಬೇಕು.”

ಮುನಿಶಾಮಣ್ಣ ಗೋಣಿ ಕೆಳಗಿಟ್ಟು ಒಳಗೆ ಹೋದ. ನೀರಿನ ಬಕೆಟ್ಟು ತಂದು ಹೊಸ್ತಿಲ ಬಳಿ ನನ್ನ ಮುಂದಿಟ್ಟ.

“ತೊಳ್ಕೊಳಮ್ಮ,” ಎಂದ. “ಗೆದ್ದಿರೋಳು ನೀನು, ಮೊದ್ಲು ನೀನೇ ಬಾ.”