ಫ್ಯಾನ್ ಆರಿಸಿ ಕೇಳಿದ ಹಾಡುಗಳು

ಮೊದಲು ಸ್ವಿಚ್ಚಿನ ಟಕ್. ಆಮೇಲೆ ಫ್ಯಾನಿನ ರೆಕ್ಕೆಗಳು ಒಲ್ಲದ ಮನಸ್ಸಿನಿಂದ ನಿಧಾನವಾಗುತ್ತ, ಕೊನೆಯ ಸುತ್ತಿನಲ್ಲಿ ಕುಂಯ್ ಎಂದು ಗೊಣಗಿ ನಿಲ್ಲುತ್ತಿದ್ದವು. ಮುಂಬಯಿಯ ಈ ಕಾಂದಿವಲಿಯ ಮೇ ತಿಂಗಳ ಸೆಕೆಯಲ್ಲಿ ಯಾರಾದರೂ ಬೇಕೆಂದೇ ಫ್ಯಾನ್ ಆರಿಸುತ್ತಾರೆಯೇ? ನಾವಿಬ್ಬರು ಆರಿಸುತ್ತಿದ್ದೆವು, ನಾನು ಮತ್ತು ನನ್ನ ಮಗಳ ಮಗಳು. ಆ ಗೊಣಗಾಟ ನಿಂತ ಮೇಲೆ ಬರುತ್ತಿದ್ದ ಮೌನಕ್ಕಾಗಿ ನಾನು ಇಡೀ ದಿನ ಕಾಯುತ್ತಿದ್ದೆ.

ಅವಳು ನಾಸಿಕದವಳು. ವಿಲೆ ಪಾರ್ಲೆಯ ಕಾಲೇಜಿಗೆಂದು ಬಂದು ನನ್ನ ಜೊತೆ ಇದ್ದಳು. ಅವಳಪ್ಪ ಮರಾಠಿಯವರು. ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು. ಬಾಯಿಗೆ ಬರುವಾಗ ಮಾತ್ರ ಹಿಂದಿಯ ಕೈಯನ್ನೋ ಇಂಗ್ಲಿಷಿನ ಕೈಯನ್ನೋ ಹಿಡಿದುಕೊಂಡು ಬರುತ್ತಿತ್ತು. ಕಾಲೇಜು ಮುಗಿಸಿ ಬಂದು ಕೋಣೆ ಹೊಕ್ಕರೆ ಊಟಕ್ಕೇ ಹೊರಗೆ ಬರುವವಳು. ಅಂಥವಳು ಒಂದು ಸಂಜೆ ತಾನಾಗಿಯೇ ಲ್ಯಾಪ್‌ಟಾಪ್ ಹಿಡಿದು ಬಂದು ನನ್ನ ಎದುರು ಕೂತಳು.

"ಅಜ್ಜಿ, ಒಂದು ಗೇಮ್ ಆಡೋಣ. ಜಪಾನೀಸ್ ಹಾಡು. ವೋಕಲಾಯ್ಡ್."

ಹಾಡುವವರೇ ಇಲ್ಲದ ಹಾಡುಗಳಂತೆ ಅವು. ಯಾವಳೋ ಒಬ್ಬಳು ಸ್ಟುಡಿಯೋದಲ್ಲಿ ಕೂತು ಕಾ, ಕಿ, ಕು ಎಂದು ಒಂದೊಂದೇ ಸದ್ದು ಹೇಳಿ ಎದ್ದು ಹೋಗಿರುತ್ತಾಳೆ. ಕಂಪ್ಯೂಟರು ಆ ಚೂರುಗಳನ್ನು ಕೂಡಿಟ್ಟುಕೊಳ್ಳುತ್ತದೆ. ಆಮೇಲೆ ಯಾರು ಬೇಕಾದರೂ ರಾಗ ಹಾಕಿ, ಮಾತು ಟೈಪ್ ಮಾಡಿ, ಆ ದನಿಯಿಂದ ಏನು ಬೇಕಾದರೂ ಹಾಡಿಸಬಹುದು.

"ಪಾಪ, ತಾನು ಏನೇನು ಹಾಡ್ತಿದೀನಿ ಅಂತ ಅವಳಿಗೆ ಗೊತ್ತಾ?"

"ಅರೇ ಅಜ್ಜಿ, ಸೈನ್ ಮಾಡಿರ್ತಾಳೆ. ಅವಳನ್ನ ಕೇಳೇ ಮಾಡಿರ್ತಾರೆ."

ಪರದೆಯ ಮೇಲೆ ಹಾಡುಗಳನ್ನು ಅವುಗಳ ಹೆಸರಿನ ಮೊದಲ ಸದ್ದಿನಂತೆ ಜೋಡಿಸಿದ್ದರು. ಅ, ಇ, ಉ, ಎ, ಒ. ಅದಾದ ಮೇಲೆ ಕ. ನೋಡುತ್ತ ನೋಡುತ್ತ ನನಗೆ ನಗು ತಡೆಯಲಾಗಲಿಲ್ಲ. ಸ, ತ, ನ, ಹ, ಮ, ಯ, ರ, ಕೊನೆಗೆ ವ.

"ಏನೇ ಇದು, ನಮ್ಮ ವರ್ಣಮಾಲೆನ ಇಲಿ ತಿಂದು ಬಿಟ್ಟ ಹಾಗಿದೆಯಲ್ಲೇ!"

ಸಂಜೆಗೊಂದು ಸದ್ದು ಎಂದು ಮಾಡಿಕೊಂಡೆವು. ನಾನು ಕಣ್ಣು ಮುಚ್ಚಿ ಪರದೆಯ ಮೇಲೆ ಬೆರಳಿಡಬೇಕು. ಬೆರಳಿಗೆ ಸಿಕ್ಕ ಹಾಡನ್ನು ತಲೆ ಸಿಡಿದರೂ ಪೂರ್ತಿ ಕೇಳಬೇಕು. ಸ ಸದ್ದಿನ ಸಂಜೆ ಸಿಕ್ಕಿದ್ದು ಮುರಿದ ಛತ್ರಿಯೊಂದರ ದುಃಖವಂತೆ. "ಇಷ್ಟು ಸ್ಪೀಡಲ್ಲಿ ಯಾರಾದರೂ ಅಳ್ತಾರೇನೇ? ವಿರಾರ್ ಫಾಸ್ಟ್ ಟ್ರೇನ್ ಹಿಡಿಯೋಕೆ ಓಡ್ತಿದೆಯೇನೋ ಆ ಛತ್ರಿ" ಎಂದೆ. ಅವಳು ಮೇಜಿಗೆ ಹಣೆ ಹಚ್ಚಿ ನಕ್ಕಳು. ಅವಳನ್ನು ನಾನು ಹಾಗೆ ನಗಿಸಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಹಾಡಿಗೆ ಮುಂಚೆ ಒಂದು ಶಾಸ್ತ್ರವಿತ್ತು. ಆ ದಿನದ ಸದ್ದಿನ ಸಾಲನ್ನು, ಕಾ ಕಿ ಕು ಕೆ ಕೊ ಎಂಬಂತೆ, ನಾನು ಒಂದೇ ಶ್ರುತಿಯಲ್ಲಿ, ಎಳೆದು ಎಳೆದು ಹೇಳಬೇಕು. ಅದಕ್ಕೇ ಫ್ಯಾನ್ ಆರಿಸುತ್ತಿದ್ದುದು. ಅವಳ ಫೋನು ಉಪ್ಪಿನಕಾಯಿ ಜಾಡಿಗೆ ಒರಗಿ ನನ್ನನ್ನೇ ನೋಡುತ್ತಿರುತ್ತಿತ್ತು.

"ರೆಕಾರ್ಡು ಯಾಕೇ?"

"ಬರೀ ನಂಗೆ, ಅಜ್ಜಿ. ಬೇರೆ ಯಾರಿಗೂ ಕೇಳ್ಸಲ್ಲ, ಪ್ರಾಮಿಸ್. ನಿನ್ನ ವಾಯ್ಸ್ ನನ್ನ ಹತ್ರ ಇರ್ಲಿ ಅಂತ."

ಇಂಥ ಮಾತಿಗೆ ಯಾವ ಅಜ್ಜಿ ಕರಗುವುದಿಲ್ಲ? ಮೈಸೂರಿನ ಕಾನ್ವೆಂಟಿನ ಕ್ವಾಯರ್‌ನಲ್ಲಿ ನಾನು ಎರಡನೇ ಸಾಲಿನಲ್ಲಿ ನಿಲ್ಲುತ್ತಿದ್ದೆ. ಸಿಸ್ಟರ್ ಪಿಯಾನೋದ ಒಂದು ಮನೆ ಒತ್ತಿ, "ಹೋಲ್ಡ್ ಇಟ್, ಗರ್ಲ್ಸ್" ಎನ್ನುತ್ತಿದ್ದರು. ಉಸಿರು ಮುಗಿಯುವವರೆಗೂ ಹಿಡಿದಿರುತ್ತಿದ್ದೆವು. ಮದುವೆಯಾಗಿ ಬೊಂಬಾಯಿಗೆ ಬಂದ ಮೇಲೆ ಒಂದು ಸ್ವರವನ್ನು ಹಿಡಿದುಕೋ ಎಂದು ನನಗೆ ಯಾರೂ ಹೇಳಿರಲಿಲ್ಲ. ಈಗ ಮಧ್ಯಾಹ್ನವೇ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸತೊಡಗಿದೆ. ಮೊಸರು ಬಿಟ್ಟೆ. ಗಂಟಲು ದಣಿದೀತೆಂದು ಬಿಲ್ಡಿಂಗಿನ ಹೆಂಗಸರ ಭಜನೆಗೂ ಹೋಗಲಿಲ್ಲ.

ವ ಮುಗಿದ ಮರುದಿನ ನಾನೇ ಫ್ಯಾನ್ ಆರಿಸಿ ಕಾದೆ. ಅವಳು ಬರಲಿಲ್ಲ.

"ಮತ್ತೆ ಅ ಇಂದ ಶುರು ಮಾಡೋಣ್ವಾ?" ಎಂದು ಬಾಗಿಲಲ್ಲಿ ನಿಂತು ಕೇಳಿದೆ.

"ಕೆಲಸ ಇದೆ ಅಜ್ಜಿ. ನೆಕ್ಸ್ಟ್ ವೀಕ್?" ಹೆಡ್‌ಫೋನ್ ತೆಗೆಯದೆಯೇ ಹೇಳಿದಳು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಅವಳ ಗೆಳತಿಯೊಬ್ಬಳು ಚಾರ್ಜರ್ ಒಯ್ಯಲು ಬಂದಳು. ಇವಳಿನ್ನೂ ಕಾಲೇಜಿನಿಂದ ಬಂದಿರಲಿಲ್ಲ. "ಬೈಠೋ ಬೇಟಾ, ಚಾಯ್ ಪಿಯೋಗಿ?" ಎಂದು ನಾನು ಕೇಳಿದ್ದಷ್ಟೇ. ಆ ಹುಡುಗಿ ಬಾಯಿಗೆ ಕೈ ಹಿಡಿದಳು.

"ಓ ಮೈ ಗಾಡ್! ಆಂಟೀ, ವೋ ಆವಾಜ್ ಆಪ್ ಕೀ ಹೈ?"

ಯಾವ ದನಿ ನನ್ನದು ಎಂದು ನಾನು ಕೇಳುವ ಮೊದಲೇ ಸಂಭ್ರಮದಿಂದ ಫೋನ್ ತೆಗೆದು ಕೇಳಿಸಿದಳು. ಡಬ್ ಡಬ್ ಎಂಬ ತಾಳದ ಮೇಲೆ ಒಂದು ಹೆಣ್ಣುದನಿ, ಬಾಯ್‌ಫ್ರೆಂಡ್‌ನನ್ನು ಹಿಂದಿಯಲ್ಲಿ ಬೈಯುತ್ತಿತ್ತು. ನಾನು ಜನ್ಮದಲ್ಲಿ ಆಡದ ಬೈಗುಳಗಳು. ನನ್ನದಲ್ಲ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಎರಡು ಸಾಲುಗಳ ನಡುವೆ ಆ ದನಿ ಉಸಿರೆಳೆದುಕೊಂಡಿತು. ಕಟ್ಟಿಸಿದ ಹಲ್ಲಿನ ಸಂದಿಯಿಂದ ಸಣ್ಣಗೆ ಸಿಳ್ಳೆ ಹೊಡೆಯುವ ಉಸಿರು. ಅದು ನನ್ನದೇ.

"ಎಲ್ಲರೂ ನಿಮ್ಮನ್ನೇ ಯೂಸ್ ಮಾಡ್ತಿದಾರೆ ಆಂಟಿ. ಫ್ರೀ ಡೌನ್‌ಲೋಡ್ ಇದೆ. ಆ ವಾಯ್ಸ್‌ಗೆ ಅಜ್ಜಿ ಅಂತ ಹೆಸರಿಟ್ಟಿದಾಳೆ. ಸೋ ಕ್ಯೂಟ್, ನಾ?" ಎಂದು ಹಿಂದಿಯಲ್ಲಿ ಹೇಳಿ, ಚಹಾ ಕುಡಿದು, ಚಾರ್ಜರ್ ತೆಗೆದುಕೊಂಡು ಹೋದಳು.

ಈ ಮುಂಬಯಿಯಲ್ಲಿ ನಾನು ಹಲವರಿಗೆ ಆಂಟಿ, ಕೆಲವರಿಗೆ ಮೌಶಿ. ಅಜ್ಜಿ ಎಂದು ಕರೆಯುತ್ತಿದ್ದವಳು ಅವಳೊಬ್ಬಳೇ.

ಸಂಜೆ ಮೊಮ್ಮಗಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತೇನೋ.

"ಮೊದಲೇ ಹೇಳಿದ್ರೆ ನೀನು ಕಾನ್ಷಸ್ ಆಗ್ತಿದ್ದೆ ಅಜ್ಜಿ. ನ್ಯಾಚುರಲ್ ಆಗಿ ಬರ್ತಿರ್ಲಿಲ್ಲ."

"ಹಾಗಾದ್ರೆ ಆ ಗೇಮು?"

"ಗೇಮೂ ಇತ್ತು. ಆದ್ರೆ... ಒಂದೊಂದೇ ರೋ ರೆಕಾರ್ಡ್ ಮಾಡ್ಬೇಕಿತ್ತು, ನಾ? ಗೇಮ್ ಇದ್ರೆ ಈಸಿ."

"ಬರೀ ನಂಗೆ ಅಂದಿದ್ಯಲ್ಲೇ. ಪ್ರಾಮಿಸ್ ಅಂದಿದ್ಯಲ್ಲೇ."

"ಜನ ಎಷ್ಟು ಲವ್ ಮಾಡ್ತಿದಾರೆ ಗೊತ್ತಾ ನಿನ್ನನ್ನ? ಕಾಮೆಂಟ್ಸ್ ಓದ್ಲಾ?"

"ಬೇಡ. ತೆಗೆದುಹಾಕು."

ಅವಳು ನೆಲ ನೋಡಿದಳು. "ನನ್ನ ಪೇಜಿಂದ ತೆಗೀತೀನಿ. ಆಲ್ರೆಡಿ ತಗೊಂಡವರ ಹತ್ರ ಹೇಗೆ ತೆಗೀಲಿ ಅಜ್ಜಿ?"

ಹಾಡು ಕೆಟ್ಟದಾಗಿತ್ತೆಂದು ನನಗೆ ನೋವಾಗಲಿಲ್ಲ. ಬೈಗುಳ ಇಂದಲ್ಲ ನಾಳೆ ಮರೆತುಹೋಗುತ್ತದೆ. ಛತ್ರಿಯ ಹಾಡಿಗೆ ನಕ್ಕಿದ್ದಳಲ್ಲ, ಮೇಜಿಗೆ ಹಣೆ ಹಚ್ಚಿ. ಆ ನಗು ನನ್ನ ಜೊತೆ ನಕ್ಕದ್ದೋ, ನಾನು ಮರುದಿನವೂ ಬಂದು ಕೂರಲೆಂದು ನಕ್ಕದ್ದೋ? ಅದನ್ನು ಅವಳನ್ನು ಕೇಳಲಿಲ್ಲ. ಏನು ಹೇಳಿದರೂ ನಂಬಲು ಆಗುತ್ತಿರಲಿಲ್ಲ.

ಕಾಲೇಜು ಮುಗಿಯುತ್ತಲೇ ಅವಳಿಗೆ ಕುರ್ಲಾದಲ್ಲಿ ಕೆಲಸ ಸಿಕ್ಕಿತು. ಮೊಬೈಲಿನ ಆಟಗಳಿಗೆ ಸದ್ದು ಕೂರಿಸುವ ಕೆಲಸ. ನನ್ನ ದನಿಯನ್ನು ತೋರಿಸಿಯೇ ಸಿಕ್ಕಿತಂತೆ; ಅವಳಮ್ಮ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದಳು. ಆಫೀಸಿನ ಹತ್ತಿರವೇ ಗೆಳತಿಯರ ಜೊತೆ ಕೋಣೆ ಮಾಡಿದಳು. ಈಗ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾಳೆ. ಬರುತ್ತೇನೆ ಎನ್ನುತ್ತಾಳೆ, ಬಂದಿಲ್ಲ. ನಾನೂ ಬಾ ಎಂದಿಲ್ಲ.

ಹೊರಟ ದಿನ ಚೀಲ ಹಿಡಿದುಕೊಳ್ಳಲೆಂದು ಸ್ಟೇಷನ್ನಿನವರೆಗೆ ಹೋಗಿದ್ದೆ. ಅವಳು ಲೇಡೀಸ್ ಡಬ್ಬಿ ಹತ್ತಿ ಬಾಗಿಲ ಕಂಬಿ ಹಿಡಿದು ನನ್ನ ಕಡೆ ತಿರುಗಿದಳು. ಅನೌನ್ಸ್‌ಮೆಂಟಿನ ಗದ್ದಲದಲ್ಲಿ ಅವಳ ಮಾತು ಕೇಳಿಸಲಿಲ್ಲ. ತುಟಿ ಮಾತ್ರ ಕಾಣಿಸಿತು. ಅ ಎನ್ನುವಾಗ ತುಟಿ ಹೇಗೆ ತೆರೆಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲೋಕಲ್ ಮೆಲ್ಲಗೆ ಜರುಗಿತು. ಹುಷಾರು ಕಣೇ ಎನ್ನಬೇಕೆಂದು ಬಾಯಿ ತೆರೆದೆ. ಅವಳ ಕೈಯಲ್ಲಿ ಫೋನ್ ಇತ್ತು, ನನ್ನ ಕಡೆ ತಿರುಗಿಸಿ ಹಿಡಿದಿದ್ದಳು.

ಬಾಯಿ ಮುಚ್ಚಿಕೊಂಡೆ. ಸುಮ್ಮನೆ ಕೈ ಎತ್ತಿದೆ.